ಅಂಕಿತವುಳ್ಳ ಮಾತು



ಶರನ್ನವರಾತ್ರಿಯ ಪರ್ವಕಾಲವು ಮತ್ತೊಮ್ಮೆ ನಮ್ಮ ಬಾಗಿಲಿಗೆ ಬಂದಿದೆ. ಒಂಬತ್ತು ರಾತ್ರಿಗಳ ಕಾಲ ಜಗನ್ಮಾತೆಯನ್ನು ನಾನಾ ರೂಪಗಳಲ್ಲಿ ಆರಾಧಿಸಿ, ಪುಸ್ತಕಗಳನ್ನು ಪೀಠದ ಮೇಲಿರಿಸಿ ಸರಸ್ವತಿಯನ್ನು ಆವಾಹಿಸಿ, ಮಹಾನವಮಿಯಂದು ಅವರವರ ವೃತ್ತಿಯ ಉಪಕರಣಗಳಿಗೆ ಗಂಧಾಕ್ಷತೆಗಳನ್ನಿಟ್ಟು, ದಶಮಿಯಂದು ಬನ್ನಿಯನ್ನು ಹಂಚಿ ಹಬ್ಬವನ್ನು ಮುಗಿಸುವುದು ಹಿರಿಯರು ಹಾಕಿಕೊಟ್ಟ ಪರಿಪಾಠ. ವಿಕ್ರೋಳಿಯಂಥ ಊರಿನಲ್ಲಿ ಆಯುಧಪೂಜೆಗೆ ಒಂದು ವಿಶೇಷವಾದ ಅರ್ಥವಿದೆ. ಈ ಊರು ಬೆಳೆದುದೇ ಉಪಕರಣಗಳ ಸದ್ದಿನ ನಡುವೆ. ಕಾರ್ಖಾನೆಯ ಲೇತು ಯಂತ್ರಕ್ಕೂ, ಹೋಟೆಲಿನ ರುಬ್ಬುವ ಕಲ್ಲಿಗೂ, ಗುಮಾಸ್ತನ ಲೇಖನಿಗೂ ಅಂದು ಒಂದೇ ಕುಂಕುಮ, ಒಂದೇ ಸೇವಂತಿಗೆಯ ಹೂವು.

ಈಚಿನ ವರ್ಷಗಳಲ್ಲಿ ಆ ಸಾಲಿನಲ್ಲಿ ಮತ್ತೊಂದು ಉಪಕರಣವೂ ಕಾಣಿಸಿಕೊಳ್ಳುತ್ತಿದೆ. ಅದು ನಮ್ಮೆಲ್ಲರ ಅಂಗೈಯಲ್ಲಿರುವ ಮೊಬೈಲ್. ಮಕ್ಕಳು ಅದನ್ನು ತಂದು ಪೂಜೆಗಿರಿಸಿದಾಗ ಹಿರಿಯರು ನಕ್ಕುಬಿಡುವುದುಂಟು. ನಗುವ ಕಾರಣವಿಲ್ಲ. ಕುಡುಗೋಲು ಪೈರಿನ ಆಯುಧ, ತಕ್ಕಡಿ ವ್ಯಾಪಾರದ ಆಯುಧ. ಇದು ಮಾತಿನ ಆಯುಧ. ಮಾತೆಂದರೆ ಸಾಕ್ಷಾತ್ ವಾಗ್ದೇವಿ ಎಂದು ನಂಬಿದ ಜನ ನಾವು. ಆದರೆ ಆಯುಧವನ್ನು ಪೂಜಿಸುವುದೆಂದರೆ ಅದಕ್ಕೆ ಕುಂಕುಮವಿಡುವುದಷ್ಟೇ ಅಲ್ಲ; ವರ್ಷವಿಡೀ ಅದನ್ನು ಧರ್ಮಕ್ಕೆ ವಿರೋಧವಾಗದಂತೆ ಬಳಸುತ್ತೇನೆಂಬ ಸಂಕಲ್ಪವನ್ನೂ ಮಾಡಬೇಕು. ಮಾತಿನ ಈ ಆಯುಧವನ್ನು ಧರ್ಮವಾಗಿ ಬಳಸುವುದು ಹೇಗೆ ಎಂಬುದನ್ನು ಈ ಪುಣ್ಯದಿನಗಳಲ್ಲಿ ಸ್ವಲ್ಪ ವಿಚಾರ ಮಾಡೋಣ.

ನಮ್ಮ ಸ್ಥಿತಿಯನ್ನು ಮೊದಲು ನೋಡಿಕೊಳ್ಳೋಣ. ಬೆಳಗಾಗುವುದರೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಐವತ್ತು ಸುಪ್ರಭಾತಗಳು ಬಂದಿರುತ್ತವೆ. ಕುಟುಂಬದ ಬಳಗವೊಂದು, ಕಟ್ಟಡದ ಬಳಗವೊಂದು, ಊರಿನ ದೇವಸ್ಥಾನದ ಬಳಗವೊಂದು, ಹಳೆಯ ಸಹಪಾಠಿಗಳ ಬಳಗವೊಂದು. ಸೂರ್ಯೋದಯದ ಚಿತ್ರ, ದೇವರ ಚಿತ್ರ, ಯಾರೋ ಬರೆದ ಸುಭಾಷಿತ. ನಮಗೆ ಬಂದುದನ್ನು ನಾವು ಇನ್ನೊಬ್ಬರಿಗೆ ದಾಟಿಸುತ್ತೇವೆ, ಅವರು ಮತ್ತೊಬ್ಬರಿಗೆ. ಯಾರೂ ಯಾರನ್ನೂ ಮರೆತಿಲ್ಲವೆಂಬ ತೋರಿಕೆ ಉಳಿಯುತ್ತದೆ. ಆದರೆ ಅದೇ ಬಳಗದಲ್ಲಿರುವ ವೃದ್ಧರೊಬ್ಬರು ಹದಿನೈದು ದಿನ ಮಂಚ ಹಿಡಿದು ಮಲಗಿದ್ದರೂ ಪಕ್ಕದ ಕಟ್ಟಡದವರಿಗೆ ತಿಳಿಯುವುದಿಲ್ಲ. ತಿಳಿದ ದಿನ ಕೈಮುಗಿದ ಚಿಹ್ನೆಗಳು ಅರುವತ್ತು ಬರುತ್ತವೆ; ಒಂದು ಬಟ್ಟಲು ಗಂಜಿ ಬರುವುದಿಲ್ಲ. ಟಾಗೋರ್ ನಗರ, ಕನ್ನಮ್‌ವಾರ್ ನಗರಗಳ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಆ ಜಾಗದಲ್ಲಿ ಎತ್ತರದ ಗೋಪುರಗಳು ಏಳುತ್ತಿವೆ. ಒಂದೇ ಪಡಸಾಲೆಗೆ ತೆರೆದಿದ್ದ ಬಾಗಿಲುಗಳು ಈಗ ಒಂದೊಂದು ಮಹಡಿಗೆ ಹಂಚಿಹೋಗಿವೆ. ಹೀಗಿರುವಾಗ ಅಂಗೈಯೊಳಗಿನ ಈ ಕಿಟಕಿಯಾದರೂ ನಿಜವಾಗಿ ತೆರೆಯಬೇಡವೇ?

ಹಿಂದಿನ ಕಾಲವೆಲ್ಲ ಸತ್ಯಯುಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಈ ಮಹಾನಗರಕ್ಕೆ ಬಂದ ನಮ್ಮವರು ಹೋಟೆಲುಗಳ ಅಟ್ಟದ ಮೇಲೆ ಮಲಗಿ, ಊರಿಗೆ ಪತ್ರ ಬರೆಯುತ್ತಿದ್ದರು. ಇಲ್ಲಿ ನಾನು ಕ್ಷೇಮ, ಅಲ್ಲಿ ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯಿರಿ ಎಂಬುದು ಎಲ್ಲರೂ ಬರೆಯುತ್ತಿದ್ದ ಒಕ್ಕಣೆ. ಜ್ವರದಲ್ಲಿ ನಡುಗುತ್ತಿದ್ದವನೂ ಕ್ಷೇಮವೆಂದೇ ಬರೆದನು. ಮನೆಯಲ್ಲಿ ಒಲೆ ಉರಿಯದವರೂ ಕ್ಷೇಮವೆಂದೇ ಉತ್ತರಿಸಿದರು. ಆದರೂ ಆ ಪತ್ರವು ಆ ತಾಯಿಗಾಗಿಯೇ ಬರೆದುದಾಗಿತ್ತು. ಮನಿಯಾರ್ಡರಿನ ತುದಿಯಲ್ಲಿದ್ದ ಅಂಗೈಯಗಲದ ಜಾಗದಲ್ಲಿ ಮಗನು ಬರೆದ ಎರಡು ಸಾಲನ್ನು ಅವಳು ಓದಿಸಿ ಕೇಳಿದಳು, ಕೆಳಗಿದ್ದ ಅವನ ಹೆಸರನ್ನು ಬೆರಳಿನಿಂದ ಸವರಿದಳು. ಒಕ್ಕಣೆ ಎಲ್ಲರದಾದರೂ ಹೆಸರು ಒಬ್ಬನದು.

ಈ ಊರಿನ ಕಾರ್ಖಾನೆಗಳ ಇತಿಹಾಸವೂ ಇದನ್ನೇ ಬೇರೊಂದು ಬಗೆಯಲ್ಲಿ ಹೇಳುತ್ತದೆ. 1951–52ರ ಪ್ರಥಮ ಮಹಾಚುನಾವಣೆಗೆಂದು 12 ಲಕ್ಷಕ್ಕೂ ಮಿಕ್ಕ ಮತಪೆಟ್ಟಿಗೆಗಳು ವಿಕ್ರೋಳಿಯ ಗೋದ್ರೆಜ್ ಕಾರ್ಖಾನೆಯಲ್ಲಿ ತಯಾರಾದವು. 1955ರಲ್ಲಿ ಅದೇ ಸಂಸ್ಥೆ ಭಾರತದಲ್ಲಿ ತಯಾರಾದ ಬೆರಳಚ್ಚು ಯಂತ್ರವನ್ನು ಹೊರತಂದಿತು. ಮತಪೆಟ್ಟಿಗೆಯೊಳಗೆ ಬೀಳುವ ಚೀಟಿಗೆ ಹೆಸರು ಇರಕೂಡದು. ಅಲ್ಲಿ ಗೋಪ್ಯವೇ ಧರ್ಮ. ಬೆರಳಚ್ಚಿನ ಪತ್ರದ ಧರ್ಮ ಬೇರೆ. ಯಾರು ಒತ್ತಿದರೂ ಅಕ್ಷರಗಳು ಒಂದೇ ತೆರನಾಗಿ ಮೂಡುವುದರಿಂದಲೇ ಅದರ ಕೊನೆಯಲ್ಲಿ ಕೈಬರಹದ ಸಹಿ ಬೇಕು. ಸಹಿಯಿಲ್ಲದ ಪತ್ರವನ್ನು ಯಾವ ಕಚೇರಿಯೂ ಮನ್ನಿಸದು. ನಾವು ದಿನನಿತ್ಯ ಕಳುಹಿಸುವ ಸಂದೇಶಗಳಾದರೋ ಬೆರಳಚ್ಚಿನ ಪತ್ರದಂತೆ ಒಂದೇ ತೆರ. ಕೆಳಗೆ ಸಹಿ ಮಾತ್ರ ಇಲ್ಲ.

ನಮ್ಮ ಪೂರ್ವಿಕರು ಈ ಸಹಿಗೆ ಒಂದು ಸುಂದರವಾದ ಹೆಸರನ್ನು ಕೊಟ್ಟಿದ್ದರು. ಅದು ಅಂಕಿತ.

ರಾಮಾಯಣದ ಸುಂದರಕಾಂಡವನ್ನು ನವರಾತ್ರಿಯಲ್ಲಿ ಪಾರಾಯಣ ಮಾಡುವವರು ನಮ್ಮಲ್ಲಿ ಅನೇಕರಿದ್ದಾರೆ. ಅಶೋಕವನದ ಪ್ರಸಂಗವನ್ನು ನೆನೆಯಿರಿ. ಸೀತಾಮಾತೆಯು ಮೋಸಹೋದುದು ಸುಳ್ಳು ವೇಷಕ್ಕೆ. ರಾವಣನು ಹತ್ತು ತಲೆಗಳೊಡನೆ ಪಂಚವಟಿಯ ಕುಟೀರಕ್ಕೆ ಬರಲಿಲ್ಲ. ಕಾಷಾಯವನ್ನುಟ್ಟು, ಕಮಂಡಲುವನ್ನು ಹಿಡಿದು, ಸಜ್ಜನನ ಮುಖವನ್ನು ಧರಿಸಿ ಬಂದನು. ಇಂದು ಪರರ ಭಾವಚಿತ್ರವನ್ನಿಟ್ಟು, ಪರರ ಹೆಸರನ್ನಿಟ್ಟು ಸ್ನೇಹವನ್ನು ಯಾಚಿಸುವವರ ಮೂಲಪುರುಷನೇ ಅವನು. ಒಮ್ಮೆ ಹೀಗೆ ವಂಚಿತಳಾದವಳು ಮತ್ತೆ ಯಾರನ್ನು ನಂಬಿಯಾಳು? ಹನುಮಂತನು ಮರದ ಮೇಲೆ ಕುಳಿತು ಈ ಕಷ್ಟವನ್ನೇ ಚಿಂತಿಸಿದನು. ಪಂಡಿತರಂತೆ ಸಂಸ್ಕೃತವನ್ನಾಡಿದರೆ ತನ್ನನ್ನು ರಾವಣನೆಂದೇ ತಿಳಿದು ಅವಳು ಹೆದರುವಳು. ಆದುದರಿಂದ ಅವಳಿಗೆ ಹತ್ತಿರವಾದ, ಸಾಮಾನ್ಯರಾಡುವ ಮಾತಿನಲ್ಲಿಯೇ ಆಡುವೆನೆಂದು ನಿಶ್ಚಯಿಸಿದನು. ಲಂಕೆಯನ್ನು ಸುಡುವ ಸಾಮರ್ಥ್ಯವುಳ್ಳವನು ಒಂದು ಮಾತನ್ನು ಹೇಗೆ ಆರಂಭಿಸಬೇಕೆಂದು ಅಷ್ಟು ಹೊತ್ತು ಯೋಚಿಸಿದನು! ಬಳಿಕ ಮೆಲುದನಿಯಲ್ಲಿ ರಾಮಕಥೆಯನ್ನು ಹೇಳಿದನು. ಅವಳ ಸಂಶಯಕ್ಕೆ ಬೇಸರಪಡದೆ ರಾಮನ ಗುರುತುಗಳನ್ನು ವರ್ಣಿಸಿದನು. ಕೊನೆಗೆ ಉಂಗುರವನ್ನು ಮುಂದಿಟ್ಟನು. ಆ ಉಂಗುರವನ್ನು ಆದಿಕವಿಯು ರಾಮನಾಮದಿಂದ ಅಂಕಿತವಾದುದೆಂದೇ ಬಣ್ಣಿಸಿದ್ದಾನೆ. ಸೀತೆಯೂ ಬರಿಗೈಯಲ್ಲಿ ಅವನನ್ನು ಕಳುಹಿಸಲಿಲ್ಲ. ರಾಮನಿಗೂ ತನಗೂ ಮಾತ್ರ ತಿಳಿದಿದ್ದ ಕಾಕಾಸುರನ ವೃತ್ತಾಂತವನ್ನು ಹೇಳಿ, ಚೂಡಾಮಣಿಯನ್ನು ಕೊಟ್ಟಳು.

ಸಂದೇಶವೆಂದರೆ ಇದು. ಕಳುಹಿಸಿದವನ ಗುರುತು ಅದರಲ್ಲಿದೆ, ಕೇಳುವವಳ ಮನಸ್ಸಿನ ಎಚ್ಚರವಿದೆ, ತಂದವನ ಹೊಣೆಯಿದೆ, ಉತ್ತರವು ಹಿಂದಿರುಗುವ ದಾರಿಯೂ ಇದೆ. ವಿಜಯದಶಮಿಯಂದು ನಾವು ಕೊಂಡಾಡುವ ರಾಮವಿಜಯವು ಅಂಕಿತವುಳ್ಳ ಈ ಒಂದು ಮಾತಿನಿಂದಲೇ ಮೊದಲಾಯಿತೆಂದರೆ ತಪ್ಪಾಗಲಾರದು.

ಕನ್ನಡ ನಾಡಿನ ಭಕ್ತಪರಂಪರೆಯಂತೂ ಅಂಕಿತವಿಲ್ಲದೆ ಬಾಯಿ ತೆರೆಯಲಿಲ್ಲ. ಹನ್ನೆರಡನೆಯ ಶತಮಾನದ ಶರಣರ ವಚನಗಳಲ್ಲಿ ಕೂಡಲಸಂಗಮದೇವನೆಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ, ಗುಹೇಶ್ವರನೆಂದರೆ ಅಲ್ಲಮಪ್ರಭು ಎಂದು ಮಕ್ಕಳೂ ಬಲ್ಲರು. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನು ತನ್ನ ಹೆಸರನ್ನೇ ಅಂಕಿತವಾಗಿಟ್ಟುಕೊಂಡು, ಆಡಿದ ಪ್ರತಿ ಮಾತಿಗೂ ತಾನೇ ಜವಾಬುದಾರನಾಗಿ ನಿಂತನು. ಹರಿದಾಸರಲ್ಲಿ ಅಂಕಿತವು ಗುರುವಿನಿಂದ ಪಡೆಯಬೇಕಾದ ದೀಕ್ಷೆಯೇ ಆಯಿತು. ಇದು ಕವಿಯ ಕೀರ್ತಿಗಾಗಿ ಮಾಡಿದ ಏರ್ಪಾಡಲ್ಲ. ಈ ಮಾತನ್ನು ನನ್ನ ದೇವರ ಎದುರಿನಲ್ಲಿ ಆಡಿದ್ದೇನೆ, ಅವನೇ ಇದಕ್ಕೆ ಸಾಕ್ಷಿ ಎಂಬುದು ಅಂಕಿತದ ಒಳ ಅರ್ಥ. ದೇವರ ಹೆಸರನ್ನು ಕೊನೆಗೆ ಸೇರಿಸಬೇಕಾದ ಮಾತಿನಲ್ಲಿ ಸುಳ್ಳನ್ನು ಬೆರೆಸುವುದು ಹೇಗೆ? ಕಾಣದವರ ನಿಂದೆಯನ್ನು ಸೇರಿಸುವುದು ಹೇಗೆ?

ಆಯ್ದಕ್ಕಿ ಲಕ್ಕಮ್ಮನ ಅಂಕಿತವು ಈ ದೃಷ್ಟಿಯಿಂದ ವಿಶೇಷವಾಗಿ ಮನನೀಯವಾದುದು. ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂಬುದು ಅವಳ ಅಂಕಿತ. ಗಂಡನ ಹೆಸರೂ ದೇವರ ಹೆಸರೂ ಅದರಲ್ಲಿ ಒಂದಾಗಿ ಬೆರೆತಿವೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ, ಇದು ನಮಗೆ ಸಲ್ಲುವುದಲ್ಲ, ಮರಳಿ ಅಲ್ಲಿಯೇ ಸುರಿದು ಬಾ ಎಂದು ಅವಳು ಖಂಡಿತವಾಗಿ ನುಡಿದಳು. ಕಠಿಣವಾದ ಮಾತೇ ಸರಿ. ಆದರೆ ಅವಳು ಅದನ್ನು ನೆರೆಹೊರೆಗೆ ಡಂಗುರ ಹೊಡೆಸಲಿಲ್ಲ; ಗಂಡನ ಮುಖವನ್ನು ನೋಡಿ, ಅವನ ಒಳಿತಿಗಾಗಿ, ಅವನ ಹೆಸರನ್ನು ಅಂಕಿತದಲ್ಲಿ ಹೊತ್ತ ಬಾಯಿಂದಲೇ ಆಡಿದಳು. ನಮ್ಮ ಕುಟುಂಬದ ಬಳಗಗಳಲ್ಲಿ ಆಸ್ತಿಯ ವಿಚಾರವೋ ತಾಯಿಯನ್ನು ನೋಡಿಕೊಳ್ಳುವ ವಿಚಾರವೋ ಬಂದಾಗ, ಎದುರಿಗೆ ಆಡಲಾಗದ ಮಾತನ್ನು ನಲವತ್ತು ಜನರ ಮುಂದೆ ಬರೆದು, ಅದೇ ಕ್ಷಣ ಬಳಗದಿಂದ ಹೊರಟುಹೋಗುವ ಅಣ್ಣತಮ್ಮಂದಿರಿಗೆ ಲಕ್ಕಮ್ಮನು ಗುರುವಾಗಬೇಕು. ಗದರಿಸುವುದಿದ್ದರೆ ಏಕಾಂತದಲ್ಲಿ, ಹೊಗಳುವುದಿದ್ದರೆ ಲೋಕಾಂತದಲ್ಲಿ. ಇದು ಸಂಬಂಧವನ್ನು ಉಳಿಸುವ ದಾರಿ.

ಅಂಕಿತವಿಲ್ಲದ ಮಾತು ಏನನ್ನು ಮಾಡಬಲ್ಲದೆಂಬುದಕ್ಕೆ ನಮ್ಮ ಕಾಲದಲ್ಲಿಯೇ ದಾರುಣವಾದ ಸಾಕ್ಷ್ಯವಿದೆ. 2018ರ ಬೇಸಗೆಯಲ್ಲಿ ಮಕ್ಕಳನ್ನು ಕದಿಯುವವರು ಬಂದಿದ್ದಾರೆಂಬ ಸಂದೇಶವು ಮೊಬೈಲಿನಿಂದ ಮೊಬೈಲಿಗೆ ಹರಡಿತು. ಬರೆದವರು ಯಾರೆಂದು ಯಾರಿಗೂ ತಿಳಿಯದು, ದಾಟಿಸಿದವರು ಸಹಸ್ರಾರು. ಅದೇ ವರ್ಷದ ಜುಲೈ 1ರಂದು ನಮ್ಮ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ ಊರೂರು ಅಲೆದು ಭಿಕ್ಷೆ ಬೇಡುವ ಸಮುದಾಯದ ಐವರನ್ನು ಜನರು ಹೊಡೆದು ಕೊಂದರು. ಅವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನಿಂದ ಬಂದವರು. ಹನ್ನೆರಡು ದಿನ ಕಳೆದು, ಜುಲೈ 13ರಂದು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ತರುಣ ಇಂಜಿನಿಯರನು ಹಾಗೆಯೇ ಹತನಾದನು. ದಾರಿಯಲ್ಲಿ ಸಿಕ್ಕ ಶಾಲಾಮಕ್ಕಳಿಗೆ ಅವನ ಜೊತೆಯವರು ಪ್ರೀತಿಯಿಂದ ಚಾಕಲೇಟು ಕೊಟ್ಟುದೇ ಸಂಶಯಕ್ಕೆ ಕಾರಣವಾಗಿ, ಅವರ ಕಾರು ಮುಂದಿನ ಊರನ್ನು ತಲುಪುವ ಮುನ್ನವೇ ಸಂದೇಶವು ತಲುಪಿತ್ತು. ಮಂಗಳವೇಢೆಯು ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕಾಯಕ ಮಾಡಿದ ಊರು. ಬೀದರ್ ಜಿಲ್ಲೆಯು ಅನುಭವಮಂಟಪದ ಕಲ್ಯಾಣವಿರುವ ಜಿಲ್ಲೆ. ಒಂದೊಂದು ಮಾತಿಗೂ ದೇವರನ್ನು ಸಾಕ್ಷಿಯಾಗಿಟ್ಟವರ ನೆಲದಲ್ಲಿ ಸಾಕ್ಷಿಯೇ ಇಲ್ಲದ ಮಾತು ಇಷ್ಟನ್ನು ಮಾಡಿತು. ಆ ತಿಂಗಳಿನಲ್ಲಿಯೇ ವಾಟ್ಸ್‌ಆ್ಯಪ್ ಸಂಸ್ಥೆಯು ದಾಟಿಸಿದ ಸಂದೇಶಕ್ಕೆ ಹಾಗೆಂದು ಗುರುತು ಹಾಕಲಾರಂಭಿಸಿತು; ಭಾರತದಲ್ಲಿ ಒಂದು ಬಾರಿಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿಯನ್ನೂ ತಂದಿತು. ಯಂತ್ರವು ತನ್ನ ಮಟ್ಟಿಗೆ ಒಂದು ಕಡಿವಾಣ ಹಾಕಿಕೊಂಡಿತು. ಮನುಷ್ಯನ ಮನಸ್ಸಿಗೆ ಕಡಿವಾಣ ಹಾಕುವುದು ಧರ್ಮದ ಕೆಲಸ.

ಹಾಗಾದರೆ ಪರರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದೇ ಪಾಪವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ವೇದಗಳು ಉಳಿದು ಬಂದುದೇ ಬಾಯಿಂದ ಬಾಯಿಗೆ. ಆದರೆ ಎಂಥ ಎಚ್ಚರದಿಂದ! ಒಂದು ಅಕ್ಷರವೂ ಜಾರದಂತೆ ಪದಪಾಠ, ಕ್ರಮಪಾಠ, ಜಟೆ, ಘನಗಳೆಂದು ಹಲವು ಬಗೆಯ ಪಾಠಕ್ರಮಗಳನ್ನು ಕಟ್ಟಿದರು. ಮಂತ್ರವನ್ನು ಜಪಿಸುವ ಮುನ್ನ ಅದರ ಋಷಿ, ಛಂದಸ್ಸು, ದೇವತೆ ಈ ಮೂವರನ್ನು ಸ್ಮರಿಸಬೇಕೆಂದು ವಿಧಿಸಿದರು. ಈ ದಿನಗಳಲ್ಲಿ ಮನೆಮನೆಯಲ್ಲಿ ನಡೆಯುವ ದೇವೀಮಾಹಾತ್ಮ್ಯದ ಪಾರಾಯಣದಲ್ಲಿಯೂ ಪ್ರಥಮ ಚರಿತ್ರೆಗೆ ಬ್ರಹ್ಮನು ಋಷಿ, ಗಾಯತ್ರಿಯು ಛಂದಸ್ಸು, ಮಹಾಕಾಳಿಯು ದೇವತೆ ಎಂದು ಹೇಳಿಕೊಂಡೇ ಮುಂದುವರಿಯುತ್ತಾರೆ.

ನಾವು ಕಳುಹಿಸುವ ಸಂದೇಶಕ್ಕೂ ಈ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳೋಣ. ಇದರ ಋಷಿ ಯಾರು? ಇದನ್ನು ಹೇಳಿದವರು ಯಾರೆಂದು ನನಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಅದು ನನ್ನ ಕೈಯಿಂದ ಮುಂದೆ ಹೋಗಬಾರದು. ಇದರ ಛಂದಸ್ಸು ಯಾವುದು? ಇದು ಯಾವ ಅಳತೆಯಲ್ಲಿ, ಯಾವ ದನಿಯಲ್ಲಿ ಆಡಿದ ಮಾತು? ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ವಾಙ್ಮಯ ತಪಸ್ಸನ್ನು ವಿವರಿಸುವಾಗ, ಕೇಳುವವರನ್ನು ಕೆರಳಿಸದಿರುವುದು, ಸತ್ಯವಾಗಿರುವುದು, ಪ್ರಿಯವೂ ಹಿತವೂ ಆಗಿರುವುದು ಎಂಬ ಲಕ್ಷಣಗಳನ್ನು ಹೇಳಿದ್ದಾನೆ; ನಮಗೆ ಅದೇ ಅಳತೆಗೋಲು. ಮೂರನೆಯದಾಗಿ, ಇದರ ದೇವತೆ ಯಾರು? ಯಾರನ್ನು ಕುರಿತು ಈ ಮಾತು? ಎಲ್ಲರಿಗೂ ಎಂದು ಕಳುಹಿಸಿದುದು ಬಹುಮಟ್ಟಿಗೆ ಯಾರಿಗೂ ಮುಟ್ಟುವುದಿಲ್ಲ. ಒಬ್ಬರ ಹೆಸರು ಹಿಡಿದು ಕರೆದ ಒಂದು ಸಾಲು, ನೂರು ಸುಭಾಷಿತಗಳಿಗಿಂತ ಹೆಚ್ಚಿನದು.

ಈ ಸಾಧನವನ್ನೇ ಹಳಿಯುವುದು ಕೃತಘ್ನತೆಯಾದೀತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಮನೆಯೊಳಗೆ ಸೇರಿಕೊಂಡಾಗ, ರೈಲುಗಳು ನಿಂತುಹೋದಾಗ, ಊರಿನಲ್ಲಿ ಕಣ್ಮುಚ್ಚಿದ ತಂದೆತಾಯಿಗಳ ಮುಖವನ್ನು ಮುಂಬಯಿಯ ಎಷ್ಟೋ ಮಕ್ಕಳು ಕಡೆಯ ಬಾರಿ ಕಂಡುದು ಈ ಅಂಗೈಯಗಲದ ಗಾಜಿನಲ್ಲಿ. ಆ ದಿನಗಳಲ್ಲಿ ಯಾರೂ ಸುಪ್ರಭಾತದ ಚಿತ್ರಕ್ಕಾಗಿ ಕಾಯಲಿಲ್ಲ. ಉಸಿರಾಡುತ್ತಿದ್ದೀಯಾ, ಉಂಡೆಯಾ, ಔಷಧವಿದೆಯೇ ಎಂಬ ಮಾತಿಗಾಗಿ ಕಾದರು. ಭಯವು ಕವಿದಾಗ ನಾವು ತಾವಾಗಿಯೇ ನಿಜವಾದ ಮಾತಿಗೆ ಮರಳಿದೆವು. ಭಯವು ಹೋದ ಮೇಲೂ ಆ ಮಾತು ಉಳಿಯಬೇಡವೇ?

ದೇವೀಮಾಹಾತ್ಮ್ಯದ ಆರಂಭವೂ ಇಂಥ ನಿಜವಾದ ಒಂದು ಸಂಭಾಷಣೆಯೇ. ರಾಜ್ಯವನ್ನು ಕಳೆದುಕೊಂಡ ಸುರಥನೆಂಬ ಅರಸನು ಕಾಡಿನಲ್ಲಿ ಅಲೆಯುತ್ತಿದ್ದನು. ಹೆಂಡತಿ ಮಕ್ಕಳೇ ಹಣದಾಸೆಯಿಂದ ಹೊರದೂಡಿದ ಸಮಾಧಿಯೆಂಬ ವೈಶ್ಯನು ಅಲ್ಲಿ ಎದುರಾದನು. ಅರಸನು ತನ್ನ ಹಿರಿಮೆಯನ್ನು ಮೆರೆಯದೆ, ನೀನು ಯಾರು, ಏಕೆ ಹೀಗೆ ಶೋಕಿಸುತ್ತಿರುವೆ ಎಂದು ಕೇಳಿದನು. ವೈಶ್ಯನು ಕ್ಷೇಮವೆಂದು ನಟಿಸಲಿಲ್ಲ. ನನ್ನವರೇ ನನ್ನನ್ನು ನೂಕಿದರು. ಆದರೂ ಅವರು ಸುಖವಾಗಿದ್ದಾರೋ ಇಲ್ಲವೋ ಎಂಬ ಚಿಂತೆ ನನ್ನನ್ನು ಬಿಡದು ಎಂದು ಇದ್ದುದನ್ನು ಇದ್ದಂತೆ ಹೇಳಿಕೊಂಡನು. ಅರಸನು ತನ್ನ ಸಂಕಟವೂ ಅಂಥದೇ ಎಂದು ಕಂಡುಕೊಂಡನು. ಇಬ್ಬರೂ ಜೊತೆಯಾಗಿ ಮೇಧಸ್ ಮುನಿಯ ಬಳಿಗೆ ಹೋದರು. ಆಗಲೇ ದೇವಿಯ ಕಥೆ ಹೊರಟಿತು. ಒಬ್ಬನು ಕೇಳದೆ ಇನ್ನೊಬ್ಬನು ಹೇಳದೆ ಇದ್ದಿದ್ದರೆ ಜಗನ್ಮಾತೆಯ ಮಹಿಮೆ ಅವರ ಕಿವಿಗೆ ಬೀಳುತ್ತಿರಲಿಲ್ಲ. ಈ ಮಹಾನಗರದಲ್ಲಿಯೂ ಸುರಥರು, ಸಮಾಧಿಗಳು ಕಟ್ಟಡ ಕಟ್ಟಡಗಳಲ್ಲಿದ್ದಾರೆ. ಕೇಳುವವರಿಲ್ಲದೆ, ಮುಖಪುಟದಲ್ಲಿ ನಗುವಿನ ಚಿತ್ರವನ್ನಿಟ್ಟು ಒಳಗೊಳಗೇ ಬೇಯುತ್ತಿದ್ದಾರೆ. ಅಂಥವರಿಗೆ ನಮ್ಮ ಪ್ರಶ್ನೆಯೊಂದೇ ದೇವಿಯ ಪ್ರಸಾದವಾದೀತು.

ಆದುದರಿಂದ ಈ ನವರಾತ್ರಿಗೆ ಒಂದು ಸುಲಭವಾದ ವ್ರತವನ್ನು ಸೂಚಿಸುತ್ತೇನೆ. ಒಂಬತ್ತು ದಿನ, ದಿನಕ್ಕೊಬ್ಬರಂತೆ, ಒಂಬತ್ತು ಜನರನ್ನು ಹೆಸರು ಹಿಡಿದು ಮಾತನಾಡಿಸಿರಿ. ಬರೆಯುವುದಾದರೆ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಅಕ್ಷರ ತಪ್ಪಿದರೂ ಚಿಂತೆಯಿಲ್ಲ. ದನಿ ಕೇಳಿಸುವುದಾದರೆ ಇನ್ನೂ ಉತ್ತಮ. ನಡೆದು ಹೋಗುವಷ್ಟು ಹತ್ತಿರದವರಾದರೆ ನಡೆದೇ ಹೋಗಿರಿ. ಹೇಳುವುದಕ್ಕಿಂತ ಹೆಚ್ಚು ಹೊತ್ತು ಕೇಳಿರಿ. ನವವಿಧ ಭಕ್ತಿಗಳಲ್ಲಿ ಶ್ರವಣವೇ ಮೊದಲನೆಯದು. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ನಿಮ್ಮ ದನಿಯಲ್ಲಿಯೇ ಕನ್ನಡವನ್ನು ಕಳುಹಿಸಿರಿ. ಹನುಮಂತನಂತೆ ಅವರಿಗೆ ಹತ್ತಿರವಾದ ಮಾತಿನಿಂದ ಆರಂಭಿಸಿ ಮೆಲ್ಲನೆ ನಮ್ಮ ನುಡಿಗೆ ಕರೆತನ್ನಿರಿ.

ಹತ್ತನೆಯ ದಿನ ಬನ್ನಿ. ಉತ್ತರ ಕರ್ನಾಟಕದ ನಮ್ಮ ಬಂಧುಗಳು ಬನ್ನಿ ಕೊಟ್ಟು ಬಂಗಾರದ ಹಾಗಿರೋಣ ಎನ್ನುತ್ತಾರೆ. ಇಲ್ಲಿಯ ಮರಾಠಿ ನೆರೆಯವರು ಆಪಟೆಯ ಎಲೆಯನ್ನು ಚಿನ್ನವೆಂದೇ ಕರೆದು ಹಂಚುತ್ತಾರೆ. ಎಲೆಯು ಎಲೆಯೇ, ಅಕ್ಕಸಾಲಿಗನ ಒರೆಗಲ್ಲಿನ ಮೇಲೆ ಅದು ಚಿನ್ನವಾಗದು. ಹಗೆಯನ್ನು ಮರೆತು ಒಂದು ಕೈ ಇನ್ನೊಂದು ಕೈಗೆ ಅದನ್ನು ಕೊಟ್ಟಾಗ, ಕಿರಿಯರು ಬಾಗಿ ಹಿರಿಯರ ಪಾದವನ್ನು ಮುಟ್ಟಿದಾಗ ಅದು ಬಂಗಾರವಾಗುತ್ತದೆ. ಬನ್ನಿಯ ಚಿತ್ರವನ್ನು ಇನ್ನೂರು ಜನರಿಗೆ ಕಳುಹಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ನೀವು ಮಾತು ಬಿಟ್ಟಿರುವ ಒಬ್ಬರ ಬಾಗಿಲಿಗೆ, ನಿಮ್ಮ ಕೈಯಾರೆ, ಒಂದೇ ಒಂದು ನಿಜವಾದ ಎಲೆಯನ್ನು ಒಯ್ದು ಕೊಡಿರಿ. ಆ ಎಲೆಯೇ ನಿಮ್ಮ ಅಂಕಿತ.

ವಾಗ್ದೇವಿಯು ನಮ್ಮೆಲ್ಲರ ನಾಲಗೆಯಲ್ಲಿಯೂ ಬೆರಳ ತುದಿಯಲ್ಲಿಯೂ ನೆಲೆಸಿ, ಆಡುವ ಮಾತಿಗೆ ಸತ್ಯವನ್ನೂ ಕೇಳುವ ಕಿವಿಗೆ ತಾಳ್ಮೆಯನ್ನೂ ದಯಪಾಲಿಸಲಿ. ಸರ್ವರಿಗೂ ಸನ್ಮಂಗಳವಾಗಲಿ.